ಮಳೆ ಬಿದ್ದರೆ ಮಾಯವಾಗುವ ಬಿಳಿ: ಅಗ್ಗದ ಹೊರಗೋಡೆ ಎಮಲ್ಷನ್, ಮೂರು ಮಳೆಗಾಲದ ನಂತರ

ಮೂಡಿಗೆರೆ ಕಡೆಯ ಮನೆ. ಹೊರಗೋಡೆಗೆ ಒಂದು ಕೋಟ್ ಪ್ರೈಮರ್, ಮೇಲೆ ಎರಡು ಕೋಟ್ ಬಿಳಿ. ಬೇಸಿಗೆಯಲ್ಲಿ ಕಣ್ಣು ಕುಕ್ಕುವ ಹಾಗಿತ್ತು. ಆರಿದ್ರಾ ಮಳೆ ಹಿಡಿದದ್ದೇ ತಡ, ಕೆಳಗಿನ ಹಳೇ ಹಸಿರು, ಪುಟ್ಟಿಯ ತೇಪೆ ಎಲ್ಲ ಇಣುಕತೊಡಗಿದವು. ಎರಡು ದಿನ ಬಿಸಿಲು ಕಾದರೆ ಮತ್ತೆ ಬಿಳಿ! ಅಂದರೆ ಪೇಂಟ್ ತೊಳೆದುಹೋಗಿಲ್ಲ.

ಕಾರಣ ಬಕೆಟ್ ಒಳಗೇ ಇದೆ. ಪೇಂಟ್‌ಗೆ ಬಿಳುಪು ಕೊಡುವ ರೂಟೈಲ್ ಜಾತಿಯ ಟೈಟಾನಿಯಂ ಡೈಆಕ್ಸೈಡ್‌ನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 2.7, ಅದನ್ನು ಹಿಡಿದಿಡುವ ಅಕ್ರಿಲಿಕ್ ಅಂಟಿನದು 1.5. ಇಷ್ಟು ಅಂತರ ಇದ್ದರೇ ಬೆಳಕು ಚದುರಿ ಗೋಡೆ ಮುಚ್ಚುವುದು. ಸುಣ್ಣಕಲ್ಲಿನ ಪುಡಿಯದು ಬರೀ 1.6; ಅಂಟಿನಲ್ಲಿ ಮುಳುಗಿದರೆ ಕಾಣಿಸುವುದೇ ಇಲ್ಲ. ಅಗ್ಗದ ಬಕೆಟ್‌ನಲ್ಲಿ ಟೈಟಾನಿಯಂ ಚಿಟಿಕೆ, ಪುಡಿ ಬೊಗಸೆ, ಅಂಟು ಸಾಲದು. ಪುಡಿಯ ಸಂದಿಗಳಲ್ಲಿ ಗಾಳಿ ಉಳಿಯುತ್ತದೆ, ಬಿಳುಪಿನ ಬಹುಪಾಲು ಆ ಗಾಳಿಯದೇ. ಅಲ್ಲಿಗೆ ಗಾಳಿಯ ಬದಲು ನೀರಿಳಿದರೆ ಸೂಚ್ಯಂಕದ ಅಂತರ ಕುಗ್ಗಿ ಆಟ ಮುಗಿಯಿತು. ಬಿಳಿ ಪಂಚೆ ನೆನೆದಾಗ ಆಗುವುದೂ ಇದೇ. ಸುಣ್ಣ ಬಳಿದವರಿಗಂತೂ ಇದು ಹೊಸದಲ್ಲ: ಬಳಿಯುವಾಗ ನೀರು ನೀರು, ಒಣಗಿದ ಮೇಲೆ ಹಾಲು.

ಕೊಳ್ಳುವ ಮುಂಚೆ ಒಂದು ಲೀಟರ್ ತಂದು ನೋಡಿ. ಒಡೆದ ಹಂಚಿನ ಮೇಲೆ ಕಪ್ಪು ಆಯಿಲ್ ಪೇಂಟ್‌ನ ಪಟ್ಟಿ ಎಳೆದು ಒಣಗಿಸಿ. ಮೇಲೆ ಗೋಡೆಗೆ ಬೆರೆಸುವಷ್ಟೇ ನೀರು ಬೆರೆಸಿ ಎರಡು ಕೋಟ್ ಬಳಿಯಿರಿ. ವಾರ ಬಿಟ್ಟು ಹತ್ತು ನಿಮಿಷ ನೀರಲ್ಲಿಡಿ. ಪಟ್ಟಿ ಎದ್ದು ಕಂಡರೆ ಹೊರಗೋಡೆಗೆ ಬೇಡ. ಪೇಂಟರ್ ಕಣ್ಣಳತೆಯಲ್ಲಿ ನೀರು ಸುರಿಯಲು ಬಿಟ್ಟರೆ ಒಳ್ಳೆಯ ಪೇಂಟ್ ಕೂಡ ಇಲ್ಲಿ ಸೋಲುತ್ತದೆ, ಮಗ್‌ನಲ್ಲಿ ಅಳೆದೇ ಹಾಕಿಸಿ.

ಮೂರನೇ ವರ್ಷ ಬೆರಳಿಗೆ ಪುಡಿ ಹತ್ತುತ್ತಿದೆ. ಅಂಟು ಕಡಿಮೆಯಿದ್ದರೆ ಹೀಗಾಗುತ್ತದೆ. ಅನಾಟೇಸ್ ಜಾತಿಯ ಟೈಟಾನಿಯಂ ಹಾಕಿದ್ದರೂ ಆಗುತ್ತದೆ, ಬಿಸಿಲಲ್ಲಿ ಅದು ತನ್ನನ್ನು ಹಿಡಿದ ಅಂಟನ್ನೇ ತಿನ್ನುತ್ತದೆ. ಉತ್ತರದ ಗೋಡೆಯ ಪಾಚಿ ಬೇರೆ ಕಥೆ. ಬೂಷ್ಟು ತಡೆಯಲು ಜಿಂಕ್ ಆಕ್ಸೈಡ್ ಬೆರೆಸುವುದುಂಟು, ಅತಿಯಾದರೆ ಪದರ ಪೆಡಸಾಗಿ ಬಿರುಕು ಬಿಡುತ್ತದೆ.

ಇಷ್ಟೆಲ್ಲ ಬೈದರೂ, ಮಿಕ್ಕಿದ್ದನ್ನು ನಡುಮನೆಯ ಸೀಲಿಂಗ್‌ಗೆ ಬಳಿದದ್ದು ಮೂರು ವರ್ಷವಾದರೂ ಹೊಸದರಂತಿದೆ. ಹೊಳಪಿಲ್ಲದ್ದರಿಂದ ಕರಣೆಯ ಗೆರೆ ಕಾಣುವುದಿಲ್ಲ, ನೀರು ತಾಗದ ಕಡೆ ಗಾಳಿಯ ಬಿಳುಪಿಗೆ ಭಯವೂ ಇಲ್ಲ. ಹೊರಗೆ ಒಂದೂವರೆ ಸ್ಟಾರ್, ಒಳಗೆ ನಾಲ್ಕು. ಬಚ್ಚಲುಮನೆಗೆ ಮಾತ್ರ ಹಚ್ಚಬೇಡಿ, ಹಂಡೆಯ ಹಬೆಗೆ ಅಲ್ಲೂ ತೇಪೆ ಕಾಣುತ್ತದೆ.