ವೆಸ್ಟ್ ಎಂಡ್: ಮರಗಳನ್ನು ಉಳಿಸಿಕೊಂಡ ಹಳೆಯ ಹೋಟೆಲು

1887ರಲ್ಲಿ ಶ್ರೀಮತಿ ಬ್ರಾನ್ಸನ್ ಎಂಬ ಬ್ರಿಟಿಷ್ ಮಹಿಳೆ 10 ಕೋಣೆಗಳ ವಸತಿಗೃಹವಾಗಿ ಆರಂಭಿಸಿದ ಬೆಂಗಳೂರಿನ ವೆಸ್ಟ್ ಎಂಡ್ ಹೋಟೆಲು ಇಂದಿಗೂ ಅದೇ ಜಾಗದಲ್ಲಿ, ರೇಸ್ ಕೋರ್ಸಿನ ಎದುರಿಗೆ, ಸುಮಾರು 20 ಎಕರೆ ಹಸಿರಿನ ನಡುವೆ ನಡೆಯುತ್ತಿದೆ. ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದೇ ಇದಾದ ಎರಡು ವರ್ಷಕ್ಕೆ, 1889ರಲ್ಲಿ. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿದ್ದು 1905ರಲ್ಲಿ. ಊರಿಗೆ ವಿದ್ಯುದ್ದೀಪ ಬರುವುದಕ್ಕೆ 18 ವರ್ಷ ಮೊದಲೇ ಇಲ್ಲಿ ಅತಿಥಿಗಳು ಬಂದು ತಂಗಿ ಹೋಗುತ್ತಿದ್ದರು. ಮುಂದೆ ಇದು ಸ್ಪೆನ್ಸರ್ ಕಂಪನಿಯ ಕೈಗೆ ಬಂತು. 1980ರ ದಶಕದಿಂದ ತಾಜ್ ಸಮೂಹ ಇದನ್ನು ನಡೆಸುತ್ತಿದೆ.

ಈಗ ನಟ ಅಂಬರೀಶ್ ಅವರ ಹೆಸರು ಹೊತ್ತಿರುವ ರೇಸ್ ಕೋರ್ಸ್ ರಸ್ತೆಯ ವಾಹನಗಳ ಗದ್ದಲ, ಗೇಟು ದಾಟಿ ಸ್ವಲ್ಪ ಒಳಗೆ ನಡೆಯುವಷ್ಟರಲ್ಲಿ ತಗ್ಗಿಬಿಡುತ್ತದೆ. ಆವರಣದ ಮಳೆಮರಗಳು ನೂರು ವರ್ಷವನ್ನು ಎಂದೋ ದಾಟಿದವು. ಕಟ್ಟಡಗಳು ಅವುಗಳ ನಡುವೆ ಅಲ್ಲಲ್ಲಿ ಹರಡಿಕೊಂಡಿವೆಯೇ ಹೊರತು ಮರಗಳ ತಲೆಯ ಮೇಲೆ ಎದ್ದು ನಿಂತಿಲ್ಲ. ಇಳಿಜಾರು ಛಾವಣಿ, ತೆರೆದ ಜಗಲಿ, ಮರದ ಜಾಲರಿಯ ಅಂಚು ಇವೆಲ್ಲ ಒಂದು ಕಾಲದಲ್ಲಿ ದಂಡು ಪ್ರದೇಶದ ಬಂಗಲೆಗಳಲ್ಲಿ ಸಾಮಾನ್ಯವಾಗಿದ್ದವು. ಆ ಬಂಗಲೆಗಳಲ್ಲಿ ಬಹುಪಾಲು ಅಪಾರ್ಟ್‌ಮೆಂಟುಗಳಾಗಿ ಹೋಗಿರುವಾಗ, ಆ ಬಗೆಯ ಬದುಕಿನ ಅಳತೆಯನ್ನು ಕಣ್ಣಾರೆ ಕಾಣಲು ಇದಕ್ಕಿಂತ ಒಳ್ಳೆಯ ಸ್ಥಳ ನನಗೆ ಗೊತ್ತಿಲ್ಲ.

ಇದೇ ನಗರದ ಹಳೆಯ ಚಿತ್ರಮಂದಿರಗಳಿಗೆ ಇಂಥ ಭಾಗ್ಯ ದೊರೆಯಲಿಲ್ಲ. 1936ರ ಪ್ಲಾಜಾ ಇದ್ದ ಜಾಗದಲ್ಲಿ ಇಂದು ಎಂ.ಜಿ. ರಸ್ತೆಯ ಮೆಟ್ರೋ ನಿಲ್ದಾಣವಿದೆ. ಸಿನೆರಾಮಾ ಎಂಬ ಅಗಲವಾದ ಬಾಗಿದ ಪರದೆಯೊಂದಿಗೆ 1968ರಲ್ಲಿ ತೆರೆದ ಕಪಾಲಿಯನ್ನು ಕೆಡವಲಾಯಿತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಬಾಗಿಲು ಮುಚ್ಚಿತು. ಒಂದೇ ಪರದೆಯ ಚಿತ್ರಮಂದಿರವು ದಿನಕ್ಕೆ ನಾಲ್ಕು ಆಟಗಳ ಟಿಕೆಟ್ ಹಣದಲ್ಲೇ ನಡೆಯಬೇಕು. ಕಟ್ಟಡ ಎಷ್ಟು ಹಳೆಯದಾದರೂ ಟಿಕೆಟ್ಟಿನ ಬೆಲೆ ಅದರಿಂದ ಏರುವುದಿಲ್ಲ, ನೆಲದ ಬೆಲೆ ಮಾತ್ರ ಏರುತ್ತಲೇ ಹೋಗುತ್ತದೆ. ಹೋಟೆಲಿನಲ್ಲಾದರೋ ತಂಗುವವರು ಹಳೆಯತನಕ್ಕೇ ಹೆಚ್ಚು ಹಣ ಕೊಡುತ್ತಾರೆ, ಆದ್ದರಿಂದ ಮರವನ್ನು ಉಳಿಸುವುದೇ ವ್ಯಾಪಾರಕ್ಕೂ ಒಳಿತಾಗುತ್ತದೆ. ಪ್ಲಾಜಾಕ್ಕೂ ಯಾರಾದರೂ ಇಂಥದೊಂದು ದಾರಿ ಹುಡುಕಿದ್ದರೆ ಎಂದು ಇಲ್ಲಿ ಕುಳಿತಾಗಲೆಲ್ಲ ಮನಸ್ಸು ನೋಯುತ್ತದೆ.

ಉಪಚಾರ ಅಚ್ಚುಕಟ್ಟಾದುದು, ಊಟ ಒಳ್ಳೆಯದು. ಅದಕ್ಕಿಂತ ಹೆಚ್ಚು ಹೇಳಬೇಕಾದದ್ದಿಲ್ಲ, ಏಕೆಂದರೆ ಅಷ್ಟೇ ಒಳ್ಳೆಯ ಊಟ ನಗರದ ಬೇರೆ ಐಷಾರಾಮಿ ಹೋಟೆಲುಗಳಲ್ಲೂ ಸಿಗುತ್ತದೆ. ಬೆಲೆ ನಿಜಕ್ಕೂ ದುಬಾರಿ. ಇಲ್ಲಿ ಇಬ್ಬರು ಚಹಾ ಕುಡಿದು ಒಂದಿಷ್ಟು ತಿನ್ನುವ ಹಣದಲ್ಲಿ ಗಾಂಧಿ ಬಜಾರಿನಲ್ಲಿ ಮನೆಮಂದಿಯೆಲ್ಲ ಹೊಟ್ಟೆತುಂಬ ತಿಂಡಿ ಮುಗಿಸಬಹುದು. ಆದರೂ ತಂಗುವ ಶಕ್ತಿಯಿಲ್ಲದವರು ವರ್ಷಕ್ಕೊಮ್ಮೆಯಾದರೂ ಸಂಜೆಯ ಚಹಾಕ್ಕೆ ಹೋಗಿ, ಬಳಿಕ ತೋಟದ ಕಾಲುದಾರಿಗಳಲ್ಲಿ ಸಾವಕಾಶವಾಗಿ ನಡೆಯಬೇಕು ಎಂಬುದು ನನ್ನ ಸಲಹೆ. ಕತ್ತಲಾದ ಮೇಲೆ ಮರಗಳು ಕಾಣುವುದಿಲ್ಲವಾದ್ದರಿಂದ ನಾಲ್ಕು ಗಂಟೆಯ ಹೊತ್ತಿಗೇ ಒಳಗಿರುವುದು ಲೇಸು. ತಂಗುವವರು ಹೊಸ ಕೋಣೆಗಳಿಗೆ ಒಪ್ಪದೆ, ತೋಟಕ್ಕೆ ಮುಖಮಾಡಿದ ಜಗಲಿಯುಳ್ಳ ಕೋಣೆಯನ್ನೇ ಮುಂಗಡವಾಗಿ ಕೇಳಿಕೊಳ್ಳಬೇಕು. ಕುದುರೆ ಪಂದ್ಯವಿರುವ ದಿನಗಳಲ್ಲಿ ರಸ್ತೆ ಕಿಕ್ಕಿರಿಯುವುದರಿಂದ ಬೇರೆ ದಿನವನ್ನು ಆರಿಸಿಕೊಳ್ಳಿ. ಮೆಜೆಸ್ಟಿಕ್ಕಿನಿಂದ ಆನಂದರಾವ್ ವೃತ್ತದ ಮೂಲಕ ಆಟೋದಲ್ಲಿ ಬೇಗನೆ ತಲುಪಬಹುದು.