ಅಡಿಕೆ ತೋಟದಲ್ಲಿ ಕಾಂಟಿಕಿ: ಏಳು ಮಳೆಗಾಲಗಳ ಬಳಕೆ

ನಮ್ಮ ತೋಟದ ಮಣ್ಣಿನ ತೇವವನ್ನು ಅಳೆಯುವ ಹನ್ನೊಂದು ಸಣ್ಣ ಸಾಧನಗಳನ್ನು 2018ರಲ್ಲಿ ಅಡಿಕೆ ಮರಗಳಿಗೆ ಕಟ್ಟಿದೆ. ಅವುಗಳ ಡಬ್ಬಿಗಳ ಮೇಲೆ ಈಗ ಮೈಲುತುತ್ತದ ನೀಲಿ ಕಲೆಗಳು ಗಟ್ಟಿಯಾಗಿ ಕೂತಿವೆ. ಒಂದೊಂದರೊಳಗೂ ಸಿಸಿ2650 ಎಂಬ, ರೇಡಿಯೊ ಕೂಡ ಇರುವ ಚಿಪ್ ಇದೆ. ಅದರ ರ‍್ಯಾಮ್ 20 ಕಿಲೋಬೈಟ್, ಫ್ಲ್ಯಾಶ್ 128 ಕಿಲೋಬೈಟ್. ಇಷ್ಟೇ ಜಾಗದಲ್ಲಿ ಐಪಿವಿ6 (ಅಂತರ್ಜಾಲದ ವಿಳಾಸ ಪದ್ಧತಿ) ಜಾಲವನ್ನು ನಡೆಸುವ ಕಾಂಟಿಕಿ ಎಂಬ ಆಪರೇಟಿಂಗ್ ಸಿಸ್ಟಂ ಅನ್ನು ಮೊದಲ ಎರಡು ವರ್ಷ, ಅದರಿಂದ 2017ರಲ್ಲಿ ಕವಲೊಡೆದ ಕಾಂಟಿಕಿ-ಎನ್‌ಜಿಯನ್ನು ಆಮೇಲೆ ಬಳಸುತ್ತ ಬಂದಿದ್ದೇನೆ.

ಸ್ವೀಡನ್ನಿನ ಆಡಂ ಡಂಕೆಲ್ಸ್ ಆರಂಭಿಸಿದ ಈ ತಂತ್ರಾಂಶದ ಜೀವಾಳ ಅದರ ಜಿಪುಣತನ. ಇದರ ಪ್ರೋಟೋಥ್ರೆಡ್ ಎಂಬ ಏರ್ಪಾಡಿನಲ್ಲಿ ಪ್ರತಿ ಕೆಲಸಕ್ಕೂ ಬೇರೆ ಸ್ಟ್ಯಾಕ್, ಅಂದರೆ ತಾತ್ಕಾಲಿಕ ಬೆಲೆಗಳನ್ನಿಡುವ ರ‍್ಯಾಮಿನ ಜಾಗ, ಇರುವುದಿಲ್ಲ. ಎಲ್ಲಿ ನಿಂತಿದ್ದೆವು ಎಂಬ ಗುರುತಿಗೆ ಎರಡು ಬೈಟ್ ಸಾಕಾಗುತ್ತದೆ. ಈ ಉಳಿತಾಯದ ಬೆಲೆಯನ್ನು ನಾನು ಮೊದಲ ತಿಂಗಳಲ್ಲೇ ತೆತ್ತೆ. ಎಷ್ಟು ಸಲ ಅಳತೆಯಾಯಿತು ಎಂದು ಎಣಿಸುವ ಚರಾಂಶ ಏಳು, ಎಂಟು ಎಂದು ಸಾಗುವ ಬದಲು ಒಮ್ಮೆಲೇ ನಲವತ್ತು ಸಾವಿರ ದಾಟುತ್ತಿತ್ತು. ಕೂಜಾ ಎಂಬ ಇದರ ಸಿಮ್ಯುಲೇಟರಿನಲ್ಲಿ ಎರಡು ರಾತ್ರಿ ಹುಡುಕಿದ ಮೇಲೆ ತಿಳಿದದ್ದು ಇಷ್ಟು: ಟೈಮರಿಗಾಗಿ ಕಾಯಲು ನಿಂತೊಡನೆ ಸ್ಥಳೀಯ ಚರಾಂಶಗಳ ಬೆಲೆ ಉಳಿಯುವುದಿಲ್ಲ, ಅವನ್ನು ಸ್ಟ್ಯಾಟಿಕ್ ಎಂದು ಘೋಷಿಸಲೇಬೇಕು. ಕೈಪಿಡಿಯಲ್ಲಿ ಅದು ಸ್ಪಷ್ಟವಾಗಿಯೇ ಇತ್ತು, ಓದದೆ ಹೋದವನು ನಾನು.

ಕಾಂಟಿಕಿ-ಎನ್‌ಜಿಗೆ ಬದಲಾಯಿಸಿದಾಗ ಆದ ಪೆಟ್ಟು ಇದಕ್ಕಿಂತ ದೊಡ್ಡದು. ಹಳೆಯದರಲ್ಲಿದ್ದ ಕಾಂಟಿಕಿಮ್ಯಾಕ್, ರೇಡಿಯೊವನ್ನು ಬಹುಪಾಲು ಹೊತ್ತು ಮಲಗಿಸಿ ಆಗಾಗ ಕ್ಷಣಮಾತ್ರ ಎಬ್ಬಿಸುತ್ತಿತ್ತು. ಹೊಸದರಲ್ಲಿ ಅದನ್ನು ಕೈಬಿಡಲಾಗಿದೆ. ಚಾನೆಲ್ ಖಾಲಿಯಿದೆಯೇ ಎಂದು ನೋಡಿ ಮಾತಾಡುವ, ಮೊದಲೇ ಹೊಂದಿಸಿರುವ ಸಿಎಸ್ಎಂಎ ಕ್ರಮದಲ್ಲಿ ರೇಡಿಯೊ ಸದಾ ಕಿವಿ ತೆರೆದಿರುತ್ತದೆ. ಕೇಳಿಸಿಕೊಳ್ಳಲೆಂದೇ ಈ ಚಿಪ್ಪಿಗೆ ಸುಮಾರು 6 ಮಿಲಿಆಂಪಿಯರ್ ಬೇಕಾಗುವುದರಿಂದ, ನಾನು ಹಾಕಿದ್ದ ಸೆಲ್‌ಗಳು ಮೂರು ವಾರ ತುಂಬುವ ಮೊದಲೇ ಖಾಲಿಯಾದವು. ಆಮೇಲೆ ಟಿಎಸ್‌ಸಿಎಚ್ ಕ್ರಮವನ್ನು, ಅದಕ್ಕೆ ವೇಳಾಪಟ್ಟಿ ಹಾಕಿಕೊಡುವ ಆರ್ಕೆಸ್ಟ್ರಾದೊಂದಿಗೆ ಅಳವಡಿಸಿದೆ. ಇದರಲ್ಲಿ ಎಲ್ಲ ಸಾಧನಗಳೂ ಒಂದೇ ಗಡಿಯಾರಕ್ಕೆ ಹೊಂದಿಕೊಂಡು, ತಮ್ಮ ಸರದಿಯಲ್ಲಿ ಮಾತ್ರ ಎದ್ದು, ಪ್ರತಿ ಸಲವೂ ಚಾನೆಲ್ ಬದಲಿಸುತ್ತ ಮಾತಾಡುತ್ತವೆ. ಈಗ ಸೆಲ್‌ಗಳು ಹತ್ತು ತಿಂಗಳು ಬರುತ್ತಿವೆ. ಮನೆಯ ವೈಫೈ ಇರುವ ಕಡೆಯೂ ಸಂದೇಶಗಳು ಮೊದಲಿಗಿಂತ ಕಡಿಮೆ ಕಳೆದುಹೋಗುತ್ತಿವೆ.

ಆಷಾಢದಲ್ಲಿ ಮಾತ್ರ ಯಾವ ತಂತ್ರಾಂಶದ ಆಟವೂ ನಡೆಯದು. ನೆನೆದ ಸೋಗೆ 2.4 ಗಿಗಾಹರ್ಟ್ಸ್ ಅಲೆಗಳನ್ನು ನುಂಗುತ್ತದೆ. ಬೇಸಿಗೆಯಲ್ಲಿ ಮೂವತ್ತು ಮೀಟರಿಗೆ ತಲುಪುತ್ತಿದ್ದ ಕೊಂಡಿಗಳು ಆಗ ತುಂಡಾಗುತ್ತವೆ. ಹಾಗಿದ್ದೂ, ಬಸಿಗಾಲುವೆಯ ಪಕ್ಕದ ಸಾಧನ ಒಂದು ಸಲ ನೀರು ಕುಡಿದು ಸತ್ತಾಗ, ಅದರ ಮೂಲಕ ಮಾತಾಡುತ್ತಿದ್ದ ಎರಡು ಸಾಧನಗಳು ಆರ್‌ಪಿಎಲ್ ಎಂಬ, ಸಂದೇಶದ ದಾರಿ ಆರಿಸುವ ನಿಯಮಾವಳಿಯಂತೆ ಬೇರೆ ದಾರಿ ಹುಡುಕಿಕೊಂಡವು. ಅದು ನನ್ನ ಗಮನಕ್ಕೆ ಬಂದದ್ದೇ ನಾಲ್ಕು ದಿನಗಳ ನಂತರ.

ಗಣಕಗಳು ಬದುಕಿನ ಹಿನ್ನೆಲೆಯಲ್ಲಿ ಕಣ್ಣಿಗೆ ಬೀಳದಂತೆ ಕರಗಿಹೋಗಬೇಕೆಂದು ಗಣಕ ವಿಜ್ಞಾನಿ ಮಾರ್ಕ್ ವೈಸರ್ 1991ರಲ್ಲಿ ಬರೆದಿದ್ದರು. ತೋಟ ನೋಡಿಕೊಳ್ಳುವ ದೊಡ್ಡಪ್ಪನ ಮಟ್ಟಿಗೆ ಅದು ನಿಜವಾಗಿದೆ: ಮಣ್ಣು ಒಣಗಿ ಅಂಗಳದ ದೀಪ ಕೆಂಪಾದರೆ ಅವರು ಪಂಪ್ ಹಾಕುತ್ತಾರೆ, ಅಷ್ಟೇ. ಕರಗದೆ ಉಳಿದವನು, ಹತ್ತು ತಿಂಗಳಿಗೊಮ್ಮೆ ಏಣಿ ಹೊತ್ತು ಸೆಲ್ ಬದಲಿಸುವ ನಾನು. ಒಂದೆರಡು ಸಾಧನಗಳಷ್ಟೇ ಬೇಕೆನ್ನುವವರಿಗೆ ಇಷ್ಟೆಲ್ಲ ಕಲಿಯುವ ಶ್ರಮ ದುಬಾರಿಯಾದೀತು. ಹತ್ತಕ್ಕಿಂತ ಹೆಚ್ಚಿದ್ದು ಸಿ ಭಾಷೆ ಬಲ್ಲವರಾದರೆ, ಮೊದಲ ದಿನವೇ ಟಿಎಸ್‌ಸಿಎಚ್‌ನಿಂದ ಆರಂಭಿಸಿ.