ಬೆಳ್ಳಿ ಹೊಳಪಿಸುವ ದ್ರಾವಣ: ಪೂಜೆಯ ಬಟ್ಟಲಿಗೆ ಸರಿ, ಹಳೆಯ ನಾಣ್ಯಕ್ಕೆ ಬೇಡ

ಕಪ್ಪಾದ ಬೆಳ್ಳಿ ಸಾಮಾನನ್ನು ಅದ್ದಿ ತೆಗೆದರೆ ಸಾಕು ಬೆಳ್ಳಗಾಗಿಸುವ ದ್ರಾವಣವನ್ನು ಈಗ ಹಲವು ಕಂಪನಿಗಳು ಡಬ್ಬಿಯಲ್ಲಿ ಮಾರುತ್ತಿವೆ. ಅಂಥದ್ದೊಂದನ್ನು ತರಿಸಿ, ಮೊದಲೇ ಸವೆದಿದ್ದ ಐದನೆಯ ಜಾರ್ಜ್ ಕಾಲದ ಬೆಳ್ಳಿ ರೂಪಾಯಿಯ ಮೇಲೆ ಬಳಸಿ ನೋಡಿದೆ. ಕುಂಕುಮದ ಬಟ್ಟಲು, ದೀಪ, ಲಕ್ಷ್ಮೀಪೂಜೆಗೆಂದು ಕೊಳ್ಳುವ ಹೊಸ ನಾಣ್ಯಗಳ ಮಟ್ಟಿಗೆ ಇದು ಮೆಚ್ಚತಕ್ಕ ಸರಕು. ಸಂಗ್ರಹದ ನಾಣ್ಯಗಳಿಗೆ ಮಾತ್ರ ಖಂಡಿತ ಬೇಡ.

ಬೆಳ್ಳಿಯ ಮೇಲಿನ ಕಪ್ಪು ಹೊರಗಿನಿಂದ ಅಂಟಿದ ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅನಿಲಗಳೊಡನೆ ಮೇಲ್ಪದರದ ಬೆಳ್ಳಿಯೇ ಕೂಡಿ ಆದ ಸಿಲ್ವರ್ ಸಲ್ಫೈಡ್. ಇಂಥ ದ್ರಾವಣಗಳಲ್ಲಿ ಸಾಮಾನ್ಯವಾಗಿ ಇರುವ ಥಯೋಯೂರಿಯಾ ಮತ್ತು ಆಮ್ಲ ಆ ಪದರವನ್ನು ಕರಗಿಸಿದಾಗ ಅದರೊಳಗಿನ ಬೆಳ್ಳಿಯೂ ಹೊರಟುಹೋಗುತ್ತದೆ. 11.66 ಗ್ರಾಂ ತೂಗುವ ರೂಪಾಯಿಯಲ್ಲಿ ಆ ನಷ್ಟ ತಕ್ಕಡಿಗೆ ತಿಳಿಯುವುದಿಲ್ಲ, ಕಣ್ಣಿಗೆ ತಿಳಿಯುತ್ತದೆ: ಟಂಕಿಸುವಾಗ ಲೋಹ ಹರಿದು ಮೂಡಿದ ಸೂಕ್ಷ್ಮ ಗೆರೆಗಳು ಮಾಸಿ, ನಾಣ್ಯವನ್ನು ಹೊರಳಿಸಿದಂತೆ ಓಡಾಡುವ ಮಿರುಗು ಕುಂದಿ, ಜೀವವಿಲ್ಲದ ಬಿಳುಪು ಉಳಿಯುತ್ತದೆ. ಅನುಭವವುಳ್ಳ ಸಂಗ್ರಹಕಾರರು ಇದನ್ನು ಸುಲಭವಾಗಿ ಗುರುತಿಸುತ್ತಾರೆ, ಬೆಲೆಯೂ ಇಳಿಯುತ್ತದೆ. ನನಗೆ ಬಂದ ಡಬ್ಬಿಯ ಮೇಲೆ ಈ ಎಚ್ಚರಿಕೆಯಾಗಲಿ, ಒಳಗಿನ ರಾಸಾಯನಿಕಗಳ ಹೆಸರಾಗಲಿ ಇರಲಿಲ್ಲ. ಕೈಗವಸು ಹಾಕಿ, ಗಾಳಿಯಾಡುವ ಕಡೆ ಬಳಸಬೇಕಾದ ವಸ್ತುವಿಗೆ ಇದು ಸಣ್ಣ ಲೋಪವಲ್ಲ.

ನಾಣ್ಯದ ಮೇಲಿರುವುದು ಬರಿಯ ಮಣ್ಣು ಅಥವಾ ಜಿಡ್ಡಾದರೆ ಇದಕ್ಕಿಂತ ಅಗ್ಗದ ದಾರಿಯಿದೆ. ಮಣ್ಣಿದ್ದರೆ ಡಿಸ್ಟಿಲ್ಡ್ ವಾಟರಿನಲ್ಲಿ ರಾತ್ರಿಯಿಡೀ ನೆನೆಸಿ, ಉಜ್ಜದೆ, ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಬೋರ್‌ವೆಲ್ ನೀರಿನ ಲವಣಗಳು ಒಣಗಿದ ಮೇಲೆ ಕಲೆಯಾಗಿ ಕೂರುವುದರಿಂದ ಅದು ಬೇಡ. ಸೆಲ್ಲೋಟೇಪಿನ ಅಂಟು ಅಥವಾ ಎಣ್ಣೆಯಿದ್ದರೆ ಶುದ್ಧ ಅಸಿಟೋನ್ ಸಾಕು. ಅದು ಬೆಳ್ಳಿಯನ್ನು ಮುಟ್ಟುವುದಿಲ್ಲ, ಆದರೆ ಬೇಗ ಹೊತ್ತಿಕೊಳ್ಳುವುದರಿಂದ ಒಲೆಯಿಂದ, ದೇವರ ದೀಪದಿಂದ ದೂರವಿಡಬೇಕು. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಸುಗಂಧ ಬೆರೆತಿರುವುದುಂಟು, ಹಾಗಾಗಿ ಅದನ್ನು ಬದಲಿಗೆ ಬಳಸಬಾರದು.

ಆನೆಯ ಚಿತ್ರವಿರುವ ಮೈಸೂರಿನ ತಾಮ್ರದ ಕಾಸುಗಳಿಗೆ ಹುಣಸೆಹಣ್ಣು ಹಚ್ಚುವವರಿಗೂ ಇದೇ ಮಾತು: ಹುಳಿ ತೆಗೆಯುವುದು ಕಾಲ ಕಟ್ಟಿದ ಕಂದು ಪದರವನ್ನು, ಅದು ಮತ್ತೆ ಹಾಗೆಯೇ ಕಟ್ಟಲು ತಲೆಮಾರುಗಳೇ ಬೇಕು.